ಸರ್ಕಾರದ ಗೋಡೆಯ ಮೇಲಿನ ಚಿತ್ರ: ಯಾರದ್ದು, ಎಲ್ಲಿದೆ, ಲೆಕ್ಕ ಯಾರ ಬಳಿ?

1967ರಲ್ಲಿ ಏರ್ ಇಂಡಿಯಾ ಸ್ಪೇನಿನ ಕಲಾವಿದ ಸಾಲ್ವಡಾರ್ ಡಾಲಿಯಿಂದ ಒಂದು ಆ್ಯಶ್‌ಟ್ರೇ ವಿನ್ಯಾಸ ಮಾಡಿಸಿಕೊಂಡಿತು. ಪಿಂಗಾಣಿಯ ಆ್ಯಶ್‌ಟ್ರೇ. ಚಿಪ್ಪಿನ ಆಕಾರ, ಅಂಚಿಗೆ ಸುತ್ತಿಕೊಂಡ ಹಾವು, ಹೊತ್ತು ನಿಲ್ಲಲು ಆನೆ ಮತ್ತು ಹಂಸ. ತಲೆಕೆಳಗು ಮಾಡಿ ನೋಡಿದರೆ ಆನೆ ಹಂಸವಾಗುತ್ತದೆ, ಹಂಸ ಆನೆಯಾಗುತ್ತದೆ. ಸಂಭಾವನೆ ಏನು ಬೇಕು ಅಂದರೆ ಡಾಲಿ ಕೇಳಿದ್ದು ಒಂದು ಆನೆಮರಿ! ಏರ್ ಇಂಡಿಯಾ ಹಿಂದೆಮುಂದೆ ನೋಡಲಿಲ್ಲ. ಬೆಂಗಳೂರಿನಿಂದ ಒಂದು ಮರಿಯನ್ನು ಕೊಂಡು, ವಿಮಾನದಲ್ಲಿ ಜಿನೀವಾಕ್ಕೆ ಒಯ್ದು, ಅಲ್ಲಿಂದ ಸ್ಪೇನಿನ ಕಡಾಕೇಸ್ ಊರಿಗೆ ತಲುಪಿಸಿತು. ಐನೂರರಷ್ಟು ಆ್ಯಶ್‌ಟ್ರೇ ತಯಾರಾದವು. ಬಹುಪಾಲು ಫಸ್ಟ್ ಕ್ಲಾಸ್ ಪ್ರಯಾಣಿಕರಿಗೆ ಉಡುಗೊರೆಯಾಗಿ ಹೋದವು.

ಆನೆಯ ಕಥೆ ಎಲ್ಲರಿಗೂ ಇಷ್ಟ. ನನಗೆ ಕುತೂಹಲ ಬೇರೆ ಕಡೆ. ಉಳಿದ ಆ್ಯಶ್‌ಟ್ರೇಗಳನ್ನು ಸಂಸ್ಥೆಯ ಲೆಕ್ಕದ ಪುಸ್ತಕದಲ್ಲಿ ಯಾವ ಕಾಲಂನಲ್ಲಿ ಬರೆದಿರಬಹುದು? ಕಲಾಕೃತಿ ಅಂತಲೋ, ಪ್ರಚಾರದ ಸಾಮಗ್ರಿ ಅಂತಲೋ, ಆಫೀಸಿನ ಸಾಮಾನು ಅಂತಲೋ? ತಮಾಷೆಯ ಪ್ರಶ್ನೆ ಅನ್ನಿಸಬಹುದು. ಆದರೆ ಸರ್ಕಾರದ ಕೈಯಲ್ಲಿರುವ ಕಲೆ ಉಳಿಯುತ್ತದೋ ಇಲ್ಲವೋ ಅನ್ನೋದು ಜಾಸ್ತಿ ನಿಂತಿರೋದು ಇದರ ಮೇಲೇ.

ಏರ್ ಇಂಡಿಯಾ 1953ರಲ್ಲಿ ರಾಷ್ಟ್ರೀಕರಣವಾಯಿತು. 1956ರ ಸುಮಾರಿಗೆ ಚಿತ್ರಗಳನ್ನು ಕೊಳ್ಳಲು ಶುರು ಮಾಡಿತು. ಲಂಡನ್, ನ್ಯೂಯಾರ್ಕ್, ಟೋಕಿಯೋದ ಬುಕಿಂಗ್ ಆಫೀಸುಗಳಿಗೆ ಭಾರತದ ಕಳೆ ಬರಬೇಕಿತ್ತು. ಆಗ ಮುಂಬೈಯ ಯುವ ಕಲಾವಿದರ ಚಿತ್ರಗಳನ್ನು ಕೇಳುವವರೇ ಇರಲಿಲ್ಲ. ಎಂ.ಎಫ್. ಹುಸೇನ್, ವಿ.ಎಸ್. ಗಾಯ್ತೊಂಡೆ, ಬಿ. ಪ್ರಭಾ, ಕೆ.ಎಚ್. ಆರಾ, ಶಿಲ್ಪಿ ಪಿಲೂ ಪೋಚ್ಖಾನಾವಾಲಾ ಇವರೆಲ್ಲರ ಕೃತಿಗಳು ಆ ಸಂಗ್ರಹ ಸೇರಿದವು. ಕೆಲವು ಸಲ ಚಿತ್ರಕ್ಕೆ ಬದಲಾಗಿ ವಿಮಾನದ ಟಿಕೆಟ್ ಕೊಟ್ಟದ್ದೂ ಉಂಟು. ಕಲಾವಿದರಿಗೆ ಅದೂ ದೊಡ್ಡದೇ. ಜೊತೆಗೆ ಹಳೆಯ ಕಲ್ಲಿನ ಶಿಲ್ಪ, ಮರದ ಕೆತ್ತನೆ, ಜವಳಿ, ಗಡಿಯಾರಗಳೂ ಬಂದವು. ಒಟ್ಟು ಸುಮಾರು 4,000 ಕೃತಿಗಳು ಎಂಬ ಲೆಕ್ಕ ಕೊನೆಗೆ ಸಿಕ್ಕಿತು.

"ಕೊನೆಗೆ" ಅಂದದ್ದು ಬೇಕೆಂದೇ. 2017ರಲ್ಲಿ ಕಲಾವಿದ ಜತಿನ್ ದಾಸ್ ಅವರಿಗೆ ಒಂದು ಸುದ್ದಿ ಬಂತು. ಅವರು 1991ರಲ್ಲಿ ಬರೆದ, ಏರ್ ಇಂಡಿಯಾದ ಬಳಿ ಇರಬೇಕಾದ 'ಫ್ಲೈಯಿಂಗ್ ಅಪ್ಸರಾ' ಚಿತ್ರ ಮಾರುಕಟ್ಟೆಯಲ್ಲಿ ಮಾರಾಟಕ್ಕೆ ಓಡಾಡುತ್ತಿದೆ ಅಂತ. ಅವರು ಸಂಸ್ಥೆಯನ್ನು ಕೇಳಿದರು, ಪತ್ರಿಕೆಗಳಲ್ಲಿ ಬಂತು, ಒಳಗೆ ತನಿಖೆ ಶುರುವಾಯಿತು. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಚಿತ್ರ ಕಾಣೆಯಾಗಿದೆ ಎಂದು ಹೇಳಿದ್ದು ಅದರ ಮಾಲೀಕರಲ್ಲ, ಬರೆದವರು. ಮಾಲೀಕರಿಗೆ ಗೊತ್ತೇ ಇರಲಿಲ್ಲ.

ಸಾರ್ವಜನಿಕ ಕಲಾಸಂಗ್ರಹಗಳು ಕರಗುವುದು ಸಾಮಾನ್ಯವಾಗಿ ಹೀಗೇ. ಸಿನಿಮಾದಲ್ಲಿ ತೋರಿಸುವ ಹಾಗೆ ರಾತ್ರಿ ಕಿಟಕಿ ಒಡೆದು ಬರುವ ಕಳ್ಳರು ಇಲ್ಲಿ ಅಪರೂಪ. ಆಫೀಸು ಬೇರೆ ಕಟ್ಟಡಕ್ಕೆ ಹೋಗುತ್ತದೆ. ಗೋಡೆಗೆ ಬಣ್ಣ ಹೊಡೆಯಲು ಚಿತ್ರ ಕೆಳಗಿಳಿಸುತ್ತಾರೆ, ಮತ್ತೆ ಹಾಕುವುದಿಲ್ಲ. ಹಳೆಯ ಅಧಿಕಾರಿ ನಿವೃತ್ತರಾಗುತ್ತಾರೆ, ಹೊಸಬರಿಗೆ ಚಾರ್ಜ್ ಕೊಡುವಾಗ ಕುರ್ಚಿ, ಕಂಪ್ಯೂಟರ್, ಕಪಾಟಿನ ಪಟ್ಟಿ ಇರುತ್ತದೆ, ಗೋಡೆಯ ಮೇಲಿನದು ಇರುವುದಿಲ್ಲ. ಇಪ್ಪತ್ತು ವರ್ಷದಲ್ಲಿ ಇದು ನಾಲ್ಕು ಸಲ ಆದರೆ ಸಾಕು. ಚಿತ್ರ ಎಲ್ಲಿ ಹೋಯಿತೆಂದು ಹೇಳುವ ಒಬ್ಬರೂ ಉಳಿದಿರುವುದಿಲ್ಲ. ಯಾರೂ ಕದ್ದಿಲ್ಲ, ಆದರೂ ಇಲ್ಲ.

ನಿಯಮವೇ ಇಲ್ಲವೇ ಅಂದರೆ, ಇದೆ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು, ಅಂದರೆ ಆಫೀಸುಗಳಲ್ಲಿ ಎಲ್ಲರೂ ಜಿಎಫ್‌ಆರ್ ಎಂದು ಕರೆಯುವ ಪುಸ್ತಕ, 2017ರಲ್ಲಿ ಹೊಸದಾಗಿ ಬಂತು. ಅದರ 211ನೇ ನಿಯಮ ದಾಸ್ತಾನಿಗೆ ಬೇರೆ ಬೇರೆ ರಿಜಿಸ್ಟರ್ ಇಡಬೇಕು ಎನ್ನುತ್ತದೆ. ಕುರ್ಚಿ, ಮೇಜು, ಯಂತ್ರಗಳಿಗೆ ಫಾರಂ 22. ಪೆನ್ನು, ಪೇಪರ್, ಖರ್ಚಾಗುವ ವಸ್ತುಗಳಿಗೆ ಫಾರಂ 23. ಗ್ರಂಥಾಲಯದ ಪುಸ್ತಕಗಳಿಗೆ ಫಾರಂ 18. ಮತ್ತು ಐತಿಹಾಸಿಕ ಅಥವಾ ಕಲಾತ್ಮಕ ಬೆಲೆ ಇರುವ ವಸ್ತುಗಳಿಗೆ ಫಾರಂ 24. ಇದು ಮ್ಯೂಸಿಯಂಗಳಿಗೆ ಮಾತ್ರ ಅಲ್ಲ, ಸರ್ಕಾರದ ಇಲಾಖೆಗಳಿಗೂ ಅನ್ವಯಿಸುತ್ತದೆ. 213ನೇ ನಿಯಮದ ಪ್ರಕಾರ ಬಹುಕಾಲ ಬಾಳುವ ಸಾಮಾನನ್ನು ಸಾಮಾನ್ಯವಾಗಿ ವರ್ಷಕ್ಕೊಮ್ಮೆಯಾದರೂ ಕಣ್ಣಾರೆ ಎಣಿಸಿ ನೋಡಬೇಕು. ಪುಸ್ತಕಗಳಿಗಾದರೆ ಸ್ವಲ್ಪ ಸಡಿಲ ಇದೆ: ವರ್ಷದಲ್ಲಿ ಓದಲು ಕೊಟ್ಟ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಸಹಜ ಎಂದು ಒಪ್ಪಬಹುದು. ಚಿತ್ರಗಳಿಗೆ ಅಂಥ ರಿಯಾಯಿತಿ ಇಲ್ಲ.

ಹಾಗಾದರೆ ತಪ್ಪುವುದು ಎಲ್ಲಿ? ಫಾರಂ 24ರ ಬದಲು ಚಿತ್ರ ಫಾರಂ 22ಕ್ಕೆ ಬೀಳುವಲ್ಲಿ. 'ಫೋಟೊ, ಕಟ್ಟು ಹಾಕಿದ್ದು, 1' ಅಂತ ಕುರ್ಚಿಯ ಸಾಲಿನ ಕೆಳಗೆ ಒಂದು ಸಾಲು. ಕೊಂಡಾಗಿನ ಬೆಲೆ ಕೆಲವು ನೂರು ರೂಪಾಯಿ. ಕುರ್ಚಿಗೆ ಸವಕಳಿ ಹಾಕುವ ಹಾಗೆ ಅದಕ್ಕೂ ಹಾಕುತ್ತಾರೆ. ಹತ್ತು ಹದಿನೈದು ವರ್ಷಕ್ಕೆ ಬೆಲೆ ಸೊನ್ನೆಗೆ ಹತ್ತಿರ. ಆಮೇಲೆ ಕಂಡಮ್ ಮಾಡುವ, ಅಂದರೆ ಬಳಕೆಗೆ ಬಾರದ್ದು ಎಂದು ತೆಗೆದುಹಾಕುವ ಸಮಿತಿ ಕೂರುತ್ತದೆ, ಹಳೇ ಸಾಮಾನಿನ ಲಾಟ್‌ನಲ್ಲಿ ಚಿತ್ರವೂ ಹರಾಜಿಗೆ ಹೋಗುತ್ತದೆ. ಎಲ್ಲ ಸಹಿಗಳೂ ಸರಿ, ಆಡಿಟ್‌ಗೆ ಆಕ್ಷೇಪಣೆ ಇಲ್ಲ. ಕಾಗದದ ಮೇಲೆ ಒಂದು ತಪ್ಪೂ ಇಲ್ಲದೆ ಒಂದು ಒಳ್ಳೆಯ ಚಿತ್ರ ಕೈಬಿಡುವ ದಾರಿ ಇದು.

ಇದು ಬರೀ ಊಹೆ ಅಲ್ಲ. ಚಂಡೀಗಢದ ಸರ್ಕಾರಿ ಕಟ್ಟಡಗಳಿಗೆ ವಾಸ್ತುಶಿಲ್ಪಿಗಳಾದ ಲ ಕಾರ್ಬೂಸಿಯೇ ಮತ್ತು ಪಿಯರ್ ಜಾನ್ನರೆ ಅವರ ತಂಡ ವಿನ್ಯಾಸ ಮಾಡಿದ ಬೆತ್ತದ ಕುರ್ಚಿಗಳು ಹೀಗೇ ಗುಜರಿ ಲೆಕ್ಕದಲ್ಲಿ ಹೋದವು. ಅವೇ ಕುರ್ಚಿಗಳು ಯುರೋಪ್, ಅಮೆರಿಕದ ಹರಾಜುಗಳಲ್ಲಿ ಲಕ್ಷಗಟ್ಟಲೆಗೆ ಮಾರಾಟವಾದಾಗ ಎಲ್ಲರ ಕಣ್ಣು ತೆರೆಯಿತು. 2011ರಲ್ಲಿ ಕೇಂದ್ರ ಗೃಹ ಇಲಾಖೆ ಅವುಗಳ ಮಾರಾಟ ನಿಲ್ಲಿಸಿತು. ಅಷ್ಟರಲ್ಲಿ ಎಷ್ಟೋ ಹೋಗಿಯಾಗಿತ್ತು. ಅಮೆರಿಕದವರೂ ಕಡಿಮೆಯಿಲ್ಲ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅಲ್ಲಿನ ಸರ್ಕಾರ ಕಲಾವಿದರಿಗೆ ಸಂಬಳ ಕೊಟ್ಟು ಸಾವಿರಾರು ಚಿತ್ರ ಬರೆಸಿತು. ಯುದ್ಧ ಬಂತು, ಯೋಜನೆ ಮುಚ್ಚಿತು. ನ್ಯೂಯಾರ್ಕಿನ ಗೋದಾಮಿನಲ್ಲಿದ್ದ ರಾಶಿ ಕ್ಯಾನ್ವಾಸನ್ನು ತೂಕದ ಲೆಕ್ಕದಲ್ಲಿ, ಪೌಂಡಿಗೆ ಕೆಲವೇ ಸೆಂಟಿನಂತೆ ಮಾರಿದರು. ಒಂದಿಷ್ಟು ಕೊಳವೆಗೆ ಸುತ್ತುವ ಬಟ್ಟೆಯಾಗಿ ಕೊಳಾಯಿ ಕೆಲಸದವರ ಕೈಗೆ ಹೋಯಿತು. ಅದೃಷ್ಟಕ್ಕೆ ಕೆಲವು ಹಳೇ ಸಾಮಾನಿನ ಅಂಗಡಿ ಸೇರಿ ಉಳಿದವು. ಅಮೆರಿಕದ ಸರ್ಕಾರ ಇವತ್ತಿಗೂ ಆ ಕಾಲದ ಚಿತ್ರಗಳನ್ನು ಹುಡುಕಿ ವಾಪಸ್ ಪಡೆಯುತ್ತಿದೆ. ಸರ್ಕಾರದ ಆಸ್ತಿಯನ್ನು ಯಾರೋ ಬಿಟ್ಟುಹೋದ ಮಾತ್ರಕ್ಕೆ ಅದು ಸಿಕ್ಕವರದಾಗುವುದಿಲ್ಲ ಎಂಬುದು ಅವರ ವಾದ.

ಈಗ ವಿಷಯಕ್ಕೆ ಬರೋಣ. ಇಂಥ ಸಂಗ್ರಹವೊಂದನ್ನು ಪರಿಶೀಲಿಸಿ ಅಂತ ನಿಮ್ಮ ಕೈಗೆ ಕೊಟ್ಟರೆ ಏನು ಮಾಡಬೇಕು?

ಮೊದಲು ಚಿತ್ರದ ಮುಖ ನೋಡಬೇಡಿ, ಬೆನ್ನು ನೋಡಿ. ಕ್ಯಾನ್ವಾಸಿನ ಹಿಂಭಾಗದಲ್ಲಿ ಅದರ ಜಾತಕ ಇರುತ್ತದೆ. ಯಾವ ಪ್ರದರ್ಶನಕ್ಕೆ ಹೋಗಿತ್ತು ಎಂಬ ಚೀಟಿ, ಗ್ಯಾಲರಿಯ ಮುದ್ರೆ, ಪೆನ್ಸಿಲಿನಲ್ಲಿ ಬರೆದ ಹೆಸರು, ಕಟ್ಟು ಹಾಕಿದ ಅಂಗಡಿಯ ಲೇಬಲ್ಲು. ಮುಂಭಾಗ, ಹಿಂಭಾಗ, ಸಹಿ, ಪೆಟ್ಟು ಬಿದ್ದ ಜಾಗ, ಇವಿಷ್ಟರ ಫೋಟೊ ತೆಗೆಯಬೇಕು. ಅಳತೆಯನ್ನು ಕಟ್ಟು ಬಿಟ್ಟು ಬರೆಯಬೇಕು, ಯಾಕೆಂದರೆ ಕಟ್ಟು ಬದಲಾಗುತ್ತದೆ. ಆಮೇಲೆ ಒಂದು ಸಂಖ್ಯೆ. ನಮ್ಮ ಮನೆಗಳಲ್ಲಿ ಪಾತ್ರೆಗೆ ಹೆಸರು ಕೊರೆಸುತ್ತಾರಲ್ಲ, ಮದುವೆಮನೆಗೆ ಎರವಲು ಹೋದ ಕೊಳದಪ್ಪಲೆ ತಪ್ಪದೆ ಮನೆಗೆ ಬರಲಿ ಎಂದು, ಅದೇ ಬುದ್ಧಿ ಇಲ್ಲೂ ಬೇಕು. ಆ ಸಂಖ್ಯೆ ಒಂದು ಕೃತಿಗೆ ಒಂದೇ ಸಲ. ಕೃತಿ ನಾಶವಾದರೂ ಅದನ್ನು ಬೇರೆಯದಕ್ಕೆ ಕೊಡುವ ಹಾಗಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ, ಹೊರಗಿನವರಿಗೆ ಬೇಗ ಹೊಳೆಯುವುದಿಲ್ಲ. ಪರಿಶೀಲನೆಯನ್ನು ಎರಡೂ ದಿಕ್ಕಿನಿಂದ ಮಾಡಬೇಕು. ರಿಜಿಸ್ಟರಿನಲ್ಲಿ ಇರುವುದು ಗೋಡೆಯ ಮೇಲೆ ಇದೆಯೇ ಎಂದು ನೋಡಿದರೆ ಕಳೆದುಹೋದವು ಗೊತ್ತಾಗುತ್ತವೆ. ಗೋಡೆಯ ಮೇಲೆ ಇರುವುದು ರಿಜಿಸ್ಟರಿನಲ್ಲಿ ಇದೆಯೇ ಎಂದು ನೋಡಿದರೆ ಲೆಕ್ಕಕ್ಕೇ ಸೇರದವು ಗೊತ್ತಾಗುತ್ತವೆ. ಎರಡನೆಯದೇ ಜಾಸ್ತಿ ಅಪಾಯ. ಕಳೆದುಹೋದದ್ದನ್ನು ಹುಡುಕಬಹುದು, ದೂರು ಕೊಡಬಹುದು. ಎಂದೂ ಬರೆದಿಡದೇ ಇದ್ದದ್ದು ಕಳೆದರೆ ಅದು ಕಳೆದಿದೆ ಎಂದು ಹೇಳಲೂ ಆಗುವುದಿಲ್ಲ.

ಮತ್ತೆ ಸ್ಥಿತಿಯ ವರದಿ. ನಮ್ಮ ಕಡೆ ಚಿತ್ರಗಳ ಶತ್ರುಗಳು ಸಾಮಾನ್ಯದವು: ಮಳೆಗಾಲದ ತೇವ, ಬೂಷ್ಟು, ಗೆದ್ದಲು, ಚಿತ್ರದ ನೆತ್ತಿಯ ಮೇಲೆ ತೊಟ್ಟಿಕ್ಕುವ ಏಸಿ, ಪಶ್ಚಿಮದ ಕಿಟಕಿಯ ಬಿಸಿಲು. ಕಾಗದದ ಮೇಲಿನ ಜಲವರ್ಣವನ್ನು ಎಡೆಬಿಡದೆ ಬೆಳಕಿನಲ್ಲಿ ಇಟ್ಟರೆ ಬಣ್ಣ ಮಾಸುತ್ತದೆ, ಮಾಸಿದ್ದು ಮತ್ತೆ ಬರುವುದಿಲ್ಲ. ಹಾಗಾಗಿ ಕೆಲವು ಕೃತಿಗಳನ್ನು ಕೆಲಕಾಲ ತೋರಿಸಿ, ಮತ್ತೆ ಕತ್ತಲಿಗೆ ಕಳಿಸುವುದು ಅವುಗಳ ಒಳ್ಳೆಯದಕ್ಕೇ. 'ಗೋದಾಮಿನಲ್ಲಿ ಕೊಳೆಯುತ್ತಿವೆ' ಎಂಬ ಪತ್ರಿಕೆಯ ತಲೆಬರಹ ಎಲ್ಲ ಸಲವೂ ನ್ಯಾಯವಾದದ್ದಲ್ಲ. ಒಳ್ಳೆಯ ಗೋದಾಮು ಕೆಟ್ಟ ಗೋಡೆಗಿಂತ ವಾಸಿ. ಕೆಟ್ಟ ಗೋದಾಮು ಮಾತ್ರ ಎಲ್ಲದಕ್ಕಿಂತ ಕಡೆ.

ಇಷ್ಟೆಲ್ಲ ಆದ ಮೇಲೆ ಬರುವುದು 'ಇದು ನಿಜವಾಗಿ ನಮ್ಮದೇ?' ಎಂಬ ಪ್ರಶ್ನೆ. ಕನಕಪುರ ರಸ್ತೆಯ ತಾತಗುಣಿಯ ಕಥೆ ನಮಗೆ ಗೊತ್ತಿರುವಂಥದ್ದೇ. ಅಲ್ಲಿನ ಎಸ್ಟೇಟಿನ ಒಡೆಯರಾದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ 1993ರಲ್ಲಿ, ಅವರ ಹೆಂಡತಿ, ಸಿನಿಮಾ ನಟಿ ದೇವಿಕಾರಾಣಿ 1994ರಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ನೂರಾರು ಎಕರೆ ಎಸ್ಟೇಟು, ಚಿತ್ರಗಳು, ಒಡವೆಗಳ ಮೇಲೆ ಜಗಳ ಎದ್ದಿತು. ಕರ್ನಾಟಕ ಸರ್ಕಾರ 1996ರಲ್ಲಿ ಕಾಯಿದೆಯನ್ನೇ ಮಾಡಿ ಎಸ್ಟೇಟನ್ನು ವಹಿಸಿಕೊಂಡಿತು. ಅದನ್ನು ಪ್ರಶ್ನಿಸಿದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 2011ರಲ್ಲಿ. ಸರ್ಕಾರ ಗೆದ್ದಿತು, ಆದರೆ ಹದಿನೈದು ವರ್ಷ ಕಳೆದಿತ್ತು. ಮೊಕದ್ದಮೆ ನಡೆಯುವಾಗ ಬಣ್ಣ ಕಾಯುವುದಿಲ್ಲವಲ್ಲ! ಮಾಲೀಕತ್ವದ ಕಾಗದ ಗಟ್ಟಿ ಇಲ್ಲದ ಕೃತಿಗೆ ದುಡ್ಡು ಹಾಕಿ ರಿಪೇರಿ ಮಾಡಿಸಲು ಯಾವ ಅಧಿಕಾರಿಗೂ ಧೈರ್ಯ ಬರುವುದಿಲ್ಲ.

ಕೃತಿ ನಮ್ಮದೇ ಎಂದು ಖಚಿತವಾದರೆ ಏನು ಬೇಕಾದರೂ ಮಾಡಬಹುದೇ? ಇಲ್ಲ. ದೆಹಲಿಯ ವಿಜ್ಞಾನ ಭವನದ ಕಥೆ ಇದಕ್ಕೆ ಅಳತೆಗೋಲು.

1957ರಲ್ಲಿ ಸರ್ಕಾರ ಶಿಲ್ಪಿ ಅಮರನಾಥ್ ಸೆಹಗಲ್ ಅವರಿಗೆ ವಿಜ್ಞಾನ ಭವನದ ಒಳಗೋಡೆಗೆ ಕಂಚಿನ ಭಿತ್ತಿಶಿಲ್ಪ ಮಾಡಲು ಹೇಳಿತು. 140 ಅಡಿ ಉದ್ದ, 40 ಅಡಿ ಎತ್ತರ. ಮುಗಿಯಲು ಐದು ವರ್ಷ ಹಿಡಿಯಿತು. ದೇಶವಿದೇಶದ ಗಣ್ಯರು ಓಡಾಡುವ ಜಾಗ, ಎಲ್ಲರೂ ನೋಡಿದರು. 1979ರಲ್ಲಿ ಕಟ್ಟಡದ ನವೀಕರಣ ನಡೆಯಿತು. ಶಿಲ್ಪವನ್ನು ಕಳಚಿ ಗೋದಾಮಿಗೆ ಹಾಕಿದರು. ಸೆಹಗಲ್ ಅವರಿಗೆ ಒಂದು ಮಾತೂ ಹೇಳಲಿಲ್ಲ. ಕಳಚುವಾಗ ಮುರಿಯಿತು, ಕೆಲವು ಭಾಗ ಕಾಣೆಯಾದವು. ಪತ್ರ ಬರೆದು ಬರೆದು ಸಾಕಾಗಿ ಅವರು ದೆಹಲಿ ಹೈಕೋರ್ಟಿಗೆ ಹೋದರು. ಸರ್ಕಾರದ ನಿಲುವು ಸರಳ: ದುಡ್ಡು ಕೊಟ್ಟಿದ್ದೇವೆ, ಶಿಲ್ಪ ನಮ್ಮದು. 2005ರ ಫೆಬ್ರುವರಿಯಲ್ಲಿ ತೀರ್ಪು ಬಂತು. ಅಳಿದುಳಿದ ಶಿಲ್ಪವನ್ನು ಸೆಹಗಲ್ ಅವರಿಗೇ ವಾಪಸ್ ಕೊಡಬೇಕು, ಜೊತೆಗೆ 5 ಲಕ್ಷ ರೂಪಾಯಿ ಪರಿಹಾರ.

ತೀರ್ಪು ನಿಂತಿದ್ದು ಕೃತಿಸ್ವಾಮ್ಯ ಕಾಯಿದೆಯ 57ನೇ ಕಲಮಿನ ಮೇಲೆ. ಕೃತಿಯನ್ನು ಮಾರಿದ ಮೇಲೂ ಕಲಾವಿದರಿಗೆ ಒಂದು ಹಕ್ಕು ಉಳಿಯುತ್ತದೆ. ತಮ್ಮ ಹೆಸರಿಗೆ ಕುಂದು ಬರುವ ಹಾಗೆ ಅದನ್ನು ವಿರೂಪಗೊಳಿಸಿದರೆ ಪ್ರಶ್ನಿಸುವ ಹಕ್ಕು ಅದು. ಪೂರ್ತಿ ನಾಶ ಮಾಡುವುದು ವಿರೂಪದ ಕೊನೆಯ ಹಂತವೇ ತಾನೇ ಎಂದಿತು ಕೋರ್ಟು. ಅದೇ ಕಲಮಿಗೆ ಒಂದು ವಿವರಣೆಯೂ ಇದೆ: ಕೃತಿಯನ್ನು ಪ್ರದರ್ಶಿಸದೇ ಇದ್ದರೆ, ಅಥವಾ ಕಲಾವಿದರಿಗೆ ಹಿಡಿಸುವ ಹಾಗೆ ಪ್ರದರ್ಶಿಸದೇ ಇದ್ದರೆ, ಅದು ಉಲ್ಲಂಘನೆ ಆಗುವುದಿಲ್ಲ. ಅಂದರೆ ಸರ್ಕಾರ ಶಿಲ್ಪವನ್ನು ಜೋಪಾನವಾಗಿ ಕಳಚಿ, ಪಟ್ಟಿ ಮಾಡಿ, ಗೋದಾಮಿನಲ್ಲಿ ಇಟ್ಟಿದ್ದರೆ ಸೆಹಗಲ್ ಗೆಲ್ಲುವುದು ಕಷ್ಟವಿತ್ತು. ಸರ್ಕಾರ ಸೋತದ್ದು ತೆಗೆದದ್ದಕ್ಕಲ್ಲ, ತೆಗೆದ ರೀತಿಗೆ.

ಇದರ ಜೊತೆ ಇನ್ನೊಂದು ಕಾಯಿದೆಯೂ ತಲೆಯಲ್ಲಿ ಇರಬೇಕು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯ ಅಡಿ ಒಂಬತ್ತು ಕಲಾವಿದರ ಕೃತಿಗಳನ್ನು ದೇಶದ ಹೊರಗೆ ಮಾರುವ ಹಾಗಿಲ್ಲ. ರವಿವರ್ಮ, ಮೂವರು ಟಾಗೋರರು, ನಂದಲಾಲ್ ಬೋಸ್, ಜಾಮಿನಿ ರಾಯ್, ಅಮೃತಾ ಶೇರ್‌ಗಿಲ್, ಶೈಲೋಜ್ ಮುಖರ್ಜಿ ಮತ್ತು ನಿಕೋಲಸ್ ರೋರಿಕ್. ತಾತಗುಣಿಯ ಸ್ವೆತೊಸ್ಲಾವ್ ಇವರ ಮಗ. ಪಟ್ಟಿಯಲ್ಲಿ ಇರುವುದು ಅಪ್ಪ, ಮಗ ಅಲ್ಲ. ಎಷ್ಟೋ ಜನ ಇಲ್ಲಿ ಎಡವುತ್ತಾರೆ.

ಇನ್ನು ಎಲ್ಲಕ್ಕಿಂತ ಬಿಸಿಯಾದ ವಿಷಯ: ಮಾರಬಹುದೇ? ಜಾಗ ಇಲ್ಲ, ಸಿಬ್ಬಂದಿ ಇಲ್ಲ, ಕೃತಿಗಳು ಸಾವಿರ. ನೆದರ್‌ಲೆಂಡ್ಸ್ ಈ ಸಂಕಟವನ್ನು ಚೆನ್ನಾಗಿ ಕಂಡಿದೆ. ಯುದ್ಧದ ನಂತರ ಅಲ್ಲಿ ಕಷ್ಟದಲ್ಲಿದ್ದ ಕಲಾವಿದರಿಗೆ ಸರ್ಕಾರ ದುಡ್ಡು ಕೊಟ್ಟು ಬದಲಿಗೆ ಕೃತಿಗಳನ್ನು ಪಡೆಯುತ್ತಿತ್ತು. 1987ರಲ್ಲಿ ಯೋಜನೆ ನಿಲ್ಲುವ ಹೊತ್ತಿಗೆ ಲಕ್ಷಗಟ್ಟಲೆ ಕೃತಿಗಳು ಸೇರಿದ್ದವು. ಕಲಾವಿದರ ಹೊಟ್ಟೆ ತುಂಬಿಸುವುದು ಉದ್ದೇಶವಾಗಿತ್ತು, ಹಾಗಾಗಿ ಸಂಗ್ರಹದಲ್ಲಿ ಕಾಳೂ ಇತ್ತು, ಜೊಳ್ಳೂ ಇತ್ತು. ಒಂದೊಂದಾಗಿ ಜಾಲಿಸಿ, ಮುಖ್ಯವಾದವನ್ನು ಉಳಿಸಿ, ಮಿಕ್ಕವನ್ನು ಕಲಾವಿದರಿಗೆ, ಸಂಸ್ಥೆಗಳಿಗೆ ಕೊಟ್ಟು ಕರಗಿಸುವ ಕೆಲಸ ವರ್ಷಾನುಗಟ್ಟಲೆ ನಡೆಯಿತು. ಈ ಅನುಭವದಿಂದ ಅವರು ಕಲಿತ ಕ್ರಮ ಹೀಗಿದೆ. ಮೊದಲು ಬೇರೆ ಸಾರ್ವಜನಿಕ ಸಂಸ್ಥೆಗಳಿಗೆ 'ಬೇಕೇ' ಎಂದು ಕೇಳು. ಯಾರಿಗೂ ಬೇಡವಾದರೆ ಮಾತ್ರ ಮಾರು. ಬಂದ ದುಡ್ಡನ್ನು ಸಂಗ್ರಹಕ್ಕೇ ಹಾಕು, ಕರೆಂಟ್ ಬಿಲ್ಲಿಗಲ್ಲ. 2011ರಲ್ಲಿ ಗೌಡಾ ಊರಿನ ಮ್ಯೂಸಿಯಂ ಕಲಾವಿದೆ ಮಾರ್ಲೀನ್ ಡೂಮಾಸ್ ಅವರ ಒಂದು ದೊಡ್ಡ ಚಿತ್ರವನ್ನು ಬೇರೆ ಮ್ಯೂಸಿಯಂಗಳನ್ನು ಕೇಳದೆ ನೇರ ಲಂಡನ್ ಹರಾಜಿಗೆ ಕಳಿಸಿತು. ಅಲ್ಲಿನ ಮ್ಯೂಸಿಯಂ ಸಂಘ ಅದರ ಮೇಲೆ ಕೆಂಡ ಕಾರಿತು.

ನಾನು ಮಾರಾಟದ ವಿರೋಧಿ ಅಲ್ಲ, ಆದರೆ ನಮ್ಮಲ್ಲಿ ಈಗಲೇ ಬೇಡ ಅನ್ನುತ್ತೇನೆ. ಪಟ್ಟಿಯೇ ಸರಿ ಇಲ್ಲದಾಗ ಯಾವುದು ಬೇಡದ್ದು ಎಂದು ತೀರ್ಮಾನಿಸುವವರು ಯಾರು? ಹುಸೇನರ 'ಗ್ರಾಮ ಯಾತ್ರಾ' ನಾರ್ವೆಯ ಓಸ್ಲೋ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ದಶಕಗಟ್ಟಲೆ ಇತ್ತು. 1954ರಲ್ಲಿ ದೆಹಲಿಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ವೈದ್ಯರು ಕೊಂಡು, ಆಮೇಲೆ ಆಸ್ಪತ್ರೆಗೆ ಕೊಟ್ಟದ್ದು. 2025ರ ಮಾರ್ಚ್‌ನಲ್ಲಿ ಅದು ನ್ಯೂಯಾರ್ಕ್ ಹರಾಜಿನಲ್ಲಿ ಸುಮಾರು 118 ಕೋಟಿ ರೂಪಾಯಿಗೆ ಹೋಯಿತು, ದುಡ್ಡು ವೈದ್ಯರ ತರಬೇತಿಗೆ ಎಂದು ತೀರ್ಮಾನವಾಯಿತು. ಆ ಆಸ್ಪತ್ರೆಯವರಿಗೆ ತಮ್ಮ ಗೋಡೆಯ ಮೇಲೆ ಇರುವುದು ಏನು ಎಂದು ಗೊತ್ತಿತ್ತು, ಮಾರುವುದೋ ಬೇಡವೋ ಎಂದು ಯೋಚಿಸಲು ಅವಕಾಶ ಇತ್ತು. ಅದೇ ಕಾಲದ ಅದೇ ಕಲಾವಿದರ ಚಿತ್ರ ನಮ್ಮ ಯಾವುದೋ ಆಫೀಸಿನ ಫಾರಂ 22ರಲ್ಲಿ 'ಫೋಟೊ' ಎಂದು ಇದ್ದರೆ?

ಏರ್ ಇಂಡಿಯಾದ ಸಂಗ್ರಹಕ್ಕೆ ಮಾತ್ರ ಒಳ್ಳೆಯ ತಿರುವು ಸಿಕ್ಕಿತು. ಸಂಸ್ಥೆಯನ್ನು ಖಾಸಗಿಗೆ ಮಾರುವ ಮಾತು ಬಂದಾಗ, ವಿಮಾನಗಳ ಜೊತೆ ಚಿತ್ರಗಳೂ ಹೋಗುತ್ತವೆಯೇ ಎಂಬ ಆತಂಕ ಎದ್ದಿತು. ಚಿತ್ರಗಳನ್ನು ಬೇರೆ ಮಾಡಿ ಸಂಸ್ಕೃತಿ ಸಚಿವಾಲಯಕ್ಕೆ ವಹಿಸಲು ತೀರ್ಮಾನವಾಯಿತು. 2022ರ ಜನವರಿಯಲ್ಲಿ ವಿಮಾನಗಳು ಟಾಟಾಗೆ ಹೋದವು, ಚಿತ್ರಗಳು ಸರ್ಕಾರದಲ್ಲೇ ಉಳಿದವು. 2023ರಲ್ಲಿ ಅವು ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ ಕೈಗೆ ಬಂದವು. ಆ ಗ್ಯಾಲರಿಯ ಬಳಿ ಮೊದಲೇ 17,000ದ ಆಸುಪಾಸು ಕೃತಿಗಳಿದ್ದವು. ಅದರ ಮೇಲೆ ಒಮ್ಮೆಗೇ 4,000 ಅಂದರೆ ಸಣ್ಣ ಹೊರೆ ಅಲ್ಲ. ಪ್ರತಿಯೊಂದಕ್ಕೂ ಹೊಸ ಸಂಖ್ಯೆ, ಹೊಸ ಫೋಟೊ, ಸ್ಥಿತಿಯ ವರದಿ, ಇಡಲು ಜಾಗ ಬೇಕು. ಕಲೆ ಬಲ್ಲವರ ಕೈಗೆ ಬಂತು ಎಂಬುದು ಸಮಾಧಾನ. ಆಫೀಸುಗಳ ಗೋಡೆಯಿಂದ ಇಳಿದು ಹೋಯಿತು ಎಂಬುದು ಸ್ವಲ್ಪ ಬೇಸರ. ಟಿಕೆಟ್ ಬುಕ್ ಮಾಡಲು ಹೋದವರು ಸುಮ್ನೆ ಕೂತು ಒಂದು ಹುಸೇನ್ ನೋಡುತ್ತಿದ್ದರು ಅನ್ನೋದು ಈಗ ನಂಬಲೂ ಕಷ್ಟ, ಅಲ್ವಾ?

ಎರಡನ್ನೂ ಸರಿದೂಗಿಸಲು ಸಾಧ್ಯ. ಬ್ರಿಟನ್ನಿನ ಸರ್ಕಾರಿ ಕಲಾಸಂಗ್ರಹ ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಇದನ್ನೇ ಮಾಡುತ್ತಿದೆ. 14,000ಕ್ಕೂ ಹೆಚ್ಚು ಕೃತಿಗಳು ಮಂತ್ರಿಗಳ ಕಚೇರಿ, ಜಗತ್ತಿನ ರಾಯಭಾರ ಕಚೇರಿಗಳಲ್ಲಿ ಹರಡಿವೆ. ಆದರೆ ಲೆಕ್ಕ ಒಂದೇ ಕಡೆ. ಯಾವುದು ಯಾವ ಊರಿನಲ್ಲಿದೆ ಎಂದು ಸಾರ್ವಜನಿಕರು ಆನ್‌ಲೈನ್‌ನಲ್ಲೇ ನೋಡಬಹುದು. ಅಲ್ಲೂ ಕೃತಿಗಳು ಕಾಣೆಯಾಗಿವೆ, ಆದರೆ ಯಾವುದು ಕಾಣೆಯಾಗಿದೆ ಎಂದು ಅವರಿಗೆ ಗೊತ್ತಿದೆ.

ನಮ್ಮ ಊರಿನ ಸರ್ಕಾರಿ ಕಚೇರಿಯ ಚಿತ್ರಗಳ ಬಗ್ಗೆ ತಿಳಿಯಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು, ಶುಲ್ಕ 10 ರೂಪಾಯಿ. 'ಎಷ್ಟು ಚಿತ್ರಗಳಿವೆ' ಎಂದು ಕೇಳಬೇಡಿ, 'ಮಾಹಿತಿ ಲಭ್ಯವಿಲ್ಲ' ಎಂಬ ಉತ್ತರ ಸುಲಭ. ಕಲಾಕೃತಿಗಳ ದಾಸ್ತಾನು ವಹಿಯ ಪ್ರತಿ ಕೇಳಿ, ಕಡೆಯ ಭೌತಿಕ ಪರಿಶೀಲನೆ ನಡೆದ ದಿನಾಂಕ ಕೇಳಿ, ಅದರ ವರದಿಯ ಪ್ರತಿ ಕೇಳಿ. ಕೇಂದ್ರದ ಕಚೇರಿಯಾದರೆ ಜಿಎಫ್‌ಆರ್ ಫಾರಂ 24 ಎಂದು ಹೆಸರು ಹಿಡಿದೇ ಬರೆಯಿರಿ. ರಾಜ್ಯದ ಕಚೇರಿಗೆ ಜಿಎಫ್‌ಆರ್ ನಡೆಯುವುದಿಲ್ಲ, ಅಲ್ಲಿ ಕರ್ನಾಟಕ ಹಣಕಾಸು ಸಂಹಿತೆ. ಮತ್ತೆ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, 150 ಪದ ಮೀರಬಾರದು. ಹಾಗಾಗಿ ಪೀಠಿಕೆ ಬಿಟ್ಟು, ಈ ಮೂರನ್ನೇ ಕೇಳಿ.